ದುಡಿದು ಓದುವ ದಾರಿ ತೋರಿದ ಕರ್ಮವೀರ ಭಾವೂರಾವ್ ಪಾಟೀಲರು



ಜೂನ್ ತಿಂಗಳು ಬಂತೆಂದರೆ ನಮ್ಮ ಹನಗೋಡಿನ ಕಡೆ ಮನೆಮನೆಯಲ್ಲೂ ಎರಡು ಚಿಂತೆ ಒಟ್ಟಿಗೆ ಶುರುವಾಗುತ್ತವೆ. ಒಂದು ಹೊಗೆಸೊಪ್ಪಿನ ಹೊಲದ್ದು, ಇನ್ನೊಂದು ಕಾಲೇಜಿನ ಶುಲ್ಕದ್ದು. ಹೊಗೆಸೊಪ್ಪು ಬೆಳೆದು, ಬ್ಯಾರನ್ನಿನಲ್ಲಿ ಹದವಾಗಿ, ಹರಾಜು ಕಟ್ಟೆಗೆ ಹೋಗಿ ಕೈಗೆ ದುಡ್ಡು ಬರುವುದು ದಸರಾ ಹೊತ್ತಿಗೆ ಅಥವಾ ಅದರ ಮೇಲೆ. ಕಾಲೇಜಿನವರು ಶುಲ್ಕ ಕೇಳುವುದು ಮಳೆಗಾಲ ಹಿಡಿಯುವಾಗ. ನಡುವಿನ ಈ ನಾಲ್ಕು ತಿಂಗಳಲ್ಲಿ ಎಷ್ಟೋ ಮಕ್ಕಳ ಓದು ನಿಂತುಹೋಗಿರುವುದನ್ನು ನಾನು ಅಂಗಡಿಯ ಗಲ್ಲಾದ ಹಿಂದೆ ಕೂತೇ ನೋಡಿದ್ದೇನೆ. ಸಾಲದ ಪುಸ್ತಕ ತೆಗೆದರೆ ಯಾವ ಮನೆಯಲ್ಲಿ ಮಗ ಓದುತ್ತಿದ್ದಾನೆ, ಯಾವ ಮನೆಯಲ್ಲಿ ಓದು ಬಿಟ್ಟಿದ್ದಾನೆ ಎಂದು ಹೇಳಿಬಿಡಬಹುದು.

ಇಂಥ ಮಕ್ಕಳಿಗೆ ನೆರವಾಗಬೇಕೆಂದು ಹಲವು ವರ್ಷಗಳ ಹಿಂದೆ ನಾವು ಕೆಲವು ವರ್ತಕರು ಸೇರಿ ಒಂದಿಷ್ಟು ಹಣ ಕೂಡಿಸುತ್ತಿದ್ದೆವು. ವರ್ಷಕ್ಕೊಮ್ಮೆ ಸಮಾರಂಭ ಮಾಡಿ, ಮಕ್ಕಳನ್ನು ಹೆಸರು ಹಿಡಿದು ವೇದಿಕೆಗೆ ಕರೆದು, ಚೆಕ್ ಕೊಟ್ಟು ಫೋಟೋ ತೆಗೆಸುತ್ತಿದ್ದೆವು. ಒಂದು ವರ್ಷ ಕೂಲಿ ಮಾಡುವ ಮನೆಯ ಹುಡುಗನೊಬ್ಬನ ಹೆಸರನ್ನು ಮೂರು ಸಲ ಕೂಗಿದರೂ ಅವನು ಮೇಲೆ ಬರಲಿಲ್ಲ. ಸಭೆಯ ಕೊನೆಯ ಸಾಲಿನಲ್ಲೇ ಇದ್ದನಂತೆ. ಬಡವ ಎಂದು ಊರ ಮುಂದೆ ನಿಲ್ಲಲು ಮನಸ್ಸಾಗದೆ ಎದ್ದು ಹೋದನಂತೆ. ಆ ವರ್ಷವೇ ಅವನು ಕಾಲೇಜು ಬಿಟ್ಟು ಶುಂಠಿ ಹೊಲದ ಕೆಲಸಕ್ಕೆ ಹೋದ. ಚೆಕ್ಕನ್ನು ಮನೆಗೆ ಕಳಿಸೋಣ ಎಂದು ನಮಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಸಮಾರಂಭ ಮಾಡಿದ್ದು ಆಗಸ್ಟ್ ಕೊನೆಗೆ, ಶುಲ್ಕದ ಕೊನೆಯ ದಿನ ಆಗಲೇ ಮುಗಿದಿತ್ತು. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಅದಾದ ಮೇಲೆ ಕೊಲ್ಹಾಪುರದ ಕಡೆಯ ಯಾತ್ರೆಗೆ ಹೋದಾಗ ಕುಂಭೋಜ ಬಾಹುಬಲಿ ಕ್ಷೇತ್ರದ ದರ್ಶನವಾಯಿತು. ಅದೇ ಕುಂಭೋಜದಲ್ಲಿ ಹುಟ್ಟಿದ ಒಬ್ಬ ಜೈನ ಮಹನೀಯರ ವಿಷಯ ಅಲ್ಲಿ ಕೇಳಿದೆ. ಊರಿಗೆ ಬಂದು ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಾವು ಎಲ್ಲಿ ಎಡವಿದ್ದೆವು ಎಂಬುದು ಆಗ ಅರ್ಥವಾಯಿತು. ಮಹಾರಾಷ್ಟ್ರದಲ್ಲಿ ಮನೆಮಾತಾದ ಕರ್ಮವೀರ ಭಾವೂರಾವ್ ಪಾಟೀಲರ ಹೆಸರು ನಮ್ಮ ಹಳೆ ಮೈಸೂರು ಕಡೆಯ ಜೈನ ಮನೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಆದ್ದರಿಂದ ಅವರ ಜೀವನವನ್ನು ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಹುಟ್ಟು ಮತ್ತು ಬಾಲ್ಯ

ಭಾವೂರಾಯರು ಹುಟ್ಟಿದ್ದು 1887ರ ಸೆಪ್ಟೆಂಬರ್ 22ರಂದು, ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ. ಅದು ತಾಯಿಯ ತವರು. ತಂದೆ ಪಾಯಗೊಂಡ ಪಾಟೀಲರು, ತಾಯಿ ಗಂಗಾಬಾಯಿ. ಸ್ವಂತ ಊರು ಇಂದಿನ ಸಾಂಗ್ಲಿ ಜಿಲ್ಲೆಯ ವಾಳವಾ ತಾಲ್ಲೂಕಿನ ಐತವಡೆ ಬುದ್ರುಕ. ದಿಗಂಬರ ಜೈನ ಮನೆತನ. ಇವರ ಪೂರ್ವಜರು ನಮ್ಮ ಮೂಡಬಿದಿರೆ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವರು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಪಾಯಗೊಂಡ ಎಂಬ ಹೆಸರಿನಲ್ಲೇ ನಮ್ಮ ಕನ್ನಡದ ವಾಸನೆ ಇದೆ.

ತಂದೆಯವರು ಕಂದಾಯ ಇಲಾಖೆಯಲ್ಲಿ ಗುಮಾಸ್ತರು. ಊರಿಂದ ಊರಿಗೆ ವರ್ಗ ಆಗುತ್ತಿತ್ತು. ಹುಡುಗ ಭಾವೂ ಓದಿನಲ್ಲಿ ಅಂಥ ಚುರುಕೇನಲ್ಲ. ಕುಸ್ತಿ, ಈಜು, ಓಡಾಟದಲ್ಲಿ ಮುಂದು. ಅನ್ಯಾಯ ಕಂಡರೆ ಮಾತ್ರ ಸುಮ್ಮನಿರುವ ಸ್ವಭಾವ ಅಲ್ಲ. ಹೊಲೆಯ ಮಾದಿಗರೆಂದು ಕರೆಯುತ್ತಿದ್ದ ಜನರಿಗೆ ನೀರು ಸೇದಲು ಬಿಡದ ಬಾವಿಯೊಂದರ ರಾಟೆಯನ್ನು ಹುಡುಗನಾಗಿದ್ದಾಗಲೇ ಮುರಿದು ಹಾಕಿದ ಸಂಗತಿ ಆ ಕಡೆ ಎಲ್ಲರಿಗೂ ಗೊತ್ತು.

ಇನ್ನೊಂದು ಪ್ರಸಂಗವೂ ಅಷ್ಟೇ ಪ್ರಸಿದ್ಧ. ಶಾಲೆಯ ಹೊರಗೆ ಕೂತು ಪಾಠ ಕೇಳುತ್ತಿದ್ದ ದಲಿತ ಹುಡುಗನೊಬ್ಬ ಅವರ ಕಣ್ಣಿಗೆ ಬಿದ್ದ. ಹೆಸರು ಜ್ಞಾನದೇವ ಘೋಲಪ. ಭಾವೂರಾಯರು ಅವನನ್ನು ತಮ್ಮ ಮನೆಗೇ ಕರೆತಂದು ಊಟ ಹಾಕಿಸಿದರು. ಮನೆಯಲ್ಲಿ ಮಡಿ ಮೈಲಿಗೆಯ ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಅವನನ್ನು ಕೊಲ್ಹಾಪುರಕ್ಕೆ ಕರೆದೊಯ್ದು, ದಲಿತ ವಿದ್ಯಾರ್ಥಿಗಳಿಗಾಗಿ ನಡೆಯುತ್ತಿದ್ದ ಮಿಸ್ ಕ್ಲಾರ್ಕ್ ಬೋರ್ಡಿಂಗ್‌ನಲ್ಲಿ ಸೇರಿಸಿದರು. ಆ ಹುಡುಗ ಮುಂದೆ ಮುಂಬಯಿ ಶಾಸನ ಪರಿಷತ್ತಿನ ಸದಸ್ಯನಾದ.

ಜೈನ ಬೋರ್ಡಿಂಗ್‌ನಿಂದ ಹೊರಗೆ

ಆಗ ಕೊಲ್ಹಾಪುರ ಸಂಸ್ಥಾನದ ರಾಜರು ಶಾಹು ಮಹಾರಾಜರು. ಹಳ್ಳಿಯ ಬಡ ಮಕ್ಕಳು ಪಟ್ಟಣಕ್ಕೆ ಬಂದು ಓದಬೇಕಾದರೆ ಮೊದಲು ಬೇಕಾಗುವುದು ಮಲಗಲು ಜಾಗ ಮತ್ತು ಎರಡು ಹೊತ್ತಿನ ಊಟ ಎಂಬುದನ್ನು ಅವರು ಅರಿತಿದ್ದರು. ಮರಾಠರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಜೈನರಿಗೆ ಹೀಗೆ ಒಂದೊಂದು ಸಮಾಜಕ್ಕೂ ಬೋರ್ಡಿಂಗ್ ಆಗಲು ಜಾಗ, ಹಣ, ಪ್ರೋತ್ಸಾಹ ಕೊಟ್ಟರು. ಭಾವೂರಾಯರೂ ಕೊಲ್ಹಾಪುರದ ರಾಜಾರಾಮ್ ಹೈಸ್ಕೂಲಿಗೆ ಸೇರಿ ಜೈನ ಬೋರ್ಡಿಂಗ್‌ನಲ್ಲಿ ಉಳಿದರು. ಅಲ್ಲಿನ ಮೇಲ್ವಿಚಾರಕರು ಅಣ್ಣಾಸಾಹೇಬ ಲಠ್ಠೆಯವರು. ದಕ್ಷಿಣ ಭಾರತ ಜೈನ ಸಭೆಯ ಹಿರಿಯರು, ಮುಂದೆ ಕೊಲ್ಹಾಪುರದ ದಿವಾನರೂ ಮುಂಬಯಿ ಪ್ರಾಂತ್ಯದ ಹಣಕಾಸು ಮಂತ್ರಿಗಳೂ ಆದವರು. ಬಹಳ ಶಿಸ್ತಿನವರು.

1908ರಲ್ಲಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಶುರುವಾದ ಸಮಾರಂಭಕ್ಕೆ ಭಾವೂರಾಯರು ಹೋಗಿಬಂದರು. ಅಸ್ಪೃಶ್ಯರ ಸಮಾರಂಭಕ್ಕೆ ಹೋದವರು ಸ್ನಾನ ಮಾಡಿ ಒಳಗೆ ಬರಬೇಕು ಎಂದು ಬೋರ್ಡಿಂಗ್‌ನಲ್ಲಿ ಆಜ್ಞೆಯಾಯಿತು. ಭಾವೂರಾಯರು ಒಪ್ಪಲಿಲ್ಲ. ಅವರನ್ನು ಬೋರ್ಡಿಂಗ್‌ನಿಂದ ಹೊರಗೆ ಹಾಕಿದರು. ನಮ್ಮ ಸಮಾಜದ ಸಂಸ್ಥೆಯಲ್ಲಿ ಹೀಗಾಯಿತಲ್ಲ ಎಂದು ನಾವು ಇದನ್ನು ಮುಚ್ಚಿಡಬೇಕಾಗಿಲ್ಲ. ಆ ಕಾಲ ಹಾಗಿತ್ತು. ಆದರೆ ಊಟ ಮತ್ತು ಸೂರು ಕೊಡುವ ಕೈಯೇ ಷರತ್ತು ಹಾಕಿದರೆ ವಿದ್ಯಾರ್ಥಿಗೆ ಏನಾಗುತ್ತದೆ ಎಂಬುದನ್ನು ಅವರು ಸ್ವತಃ ಅನುಭವಿಸಿದರು. ಓದು ಅಲ್ಲಿಗೆ ಕುಂಟಿತು. ಇಂಗ್ಲಿಷ್ ಆರನೇ ತರಗತಿಯಾಚೆ ಅವರ ಶಾಲಾ ಓದು ಹೋಗಲಿಲ್ಲ.

1909ರಲ್ಲಿ ಕುಂಭೋಜದ ಅನುಕೂಲಸ್ಥ ಪಾಟೀಲ ಮನೆತನದ ಹುಡುಗಿಯೊಡನೆ ಮದುವೆಯಾಯಿತು. ಗಂಡನ ಮನೆಯಲ್ಲಿ ಆಕೆಗೆ ಲಕ್ಷ್ಮೀಬಾಯಿ ಎಂದು ಹೆಸರಿಟ್ಟರು. ಭಾವೂರಾಯರು ಸಾತಾರಾದಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಸಂಪಾದಿಸತೊಡಗಿದರು. ಪಾಟೀಲ ಮಾಸ್ತರ್ ಎಂದು ಹೆಸರಾದರು. ಅದೇ ಹೊತ್ತಿಗೆ ಸ್ನೇಹಿತರ ಜತೆ ಸೇರಿ ಸಾಂಗ್ಲಿ ಹತ್ತಿರದ ದುಧಗಾಂವ್ ಎಂಬ ಹಳ್ಳಿಯಲ್ಲಿ ಎಲ್ಲ ಜಾತಿಯ ಮಕ್ಕಳೂ ಉಳಿದು ಓದುವ ಒಂದು ವಿದ್ಯಾರ್ಥಿ ಆಶ್ರಮ ಆರಂಭಿಸಿದರು. ಮುಂದಿನ ದೊಡ್ಡ ಕೆಲಸಕ್ಕೆ ಅದೇ ಬೀಜ.

ತನ್ನನ್ನು ಹೊರಗೆ ಹಾಕಿದವರ ಪರ ನಿಂತದ್ದು

1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ದೊರೆಯ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಅನುಮಾನ ಲಠ್ಠೆಯವರ ಕಡೆ ತಿರುಗಿತು. ಅವರ ವಿರುದ್ಧ ಸಾಕ್ಷಿ ಹೇಳುವಂತೆ ಭಾವೂರಾಯರ ಮೇಲೆ ಒತ್ತಡ ಬಂತು. ತನ್ನನ್ನು ಬೋರ್ಡಿಂಗ್‌ನಿಂದ ಹೊರಗೆ ಹಾಕಿದ ಮನುಷ್ಯ, ಈಗ ಸೇಡು ತೀರಿಸಿಕೊಳ್ಳಲು ಬೇಕಾದ ಅವಕಾಶ. ಆದರೆ ಸುಳ್ಳು ಸಾಕ್ಷಿ ಹೇಳಲು ಅವರು ಸುತರಾಂ ಒಪ್ಪಲಿಲ್ಲ. ಇದಕ್ಕಾಗಿ ಸೆರೆಮನೆ ಸೇರಿದರು. ಅಲ್ಲಿ ಪಟ್ಟ ಹಿಂಸೆ ಜೀವದ ಮೇಲಿನ ಆಸೆಯನ್ನೇ ಬಿಡಿಸುವಷ್ಟಿತ್ತು. ಆದರೂ ಮಾತು ಬದಲಾಯಿಸಲಿಲ್ಲ. ಸತ್ಯಾಣುವ್ರತ ಎಂದು ನಾವು ಬಸದಿಯಲ್ಲಿ ಕೇಳುತ್ತೇವಲ್ಲ, ಅದನ್ನು ಅವರು ಸೆರೆಮನೆಯಲ್ಲಿ ಪಾಲಿಸಿದರು.

ಬಿಡುಗಡೆಯಾದ ಮೇಲೆ ಹೊಟ್ಟೆಪಾಡಿಗೆ ವ್ಯಾಪಾರದ ಕೆಲಸ ಹಿಡಿದರು. ಓಗಲೆ ಗಾಜಿನ ಕಾರ್ಖಾನೆಯ ಸಾಮಾನು, ಆಮೇಲೆ ಕಿರ್ಲೋಸ್ಕರ್ ಕಾರ್ಖಾನೆಯ ಕಬ್ಬಿಣದ ನೇಗಿಲು ಮಾರುತ್ತಾ ಹಳ್ಳಿ ಹಳ್ಳಿ ತಿರುಗಿದರು. ಮರದ ನೇಗಿಲು ಬಿಟ್ಟು ಕಬ್ಬಿಣದ ನೇಗಿಲು ಹಿಡಿಯಲು ರೈತರು ಹೆದರುತ್ತಿದ್ದ ಕಾಲ ಅದು. ರೈತನ ಜಗಲಿಯಲ್ಲಿ ಕೂತು ಮಾತಾಡಿ, ಹೊಲಕ್ಕಿಳಿದು ಉತ್ತು ತೋರಿಸಿ ಮಾರಬೇಕಿತ್ತು. ನಾನೂ ವರ್ತಕನಾದ್ದರಿಂದ ಅವರ ಜೀವನದ ಈ ಭಾಗ ನನಗೆ ಬಹಳ ಹಿಡಿಸಿತು. ನೇಗಿಲು ಮಾರಲು ಹೋದವರಿಗೆ ರೈತನ ಮನೆಯ ಒಳಗಿನ ಲೆಕ್ಕವೆಲ್ಲ ತಿಳಿಯಿತು. ಸುಗ್ಗಿಯಲ್ಲಿ ಮಾತ್ರ ದುಡ್ಡು, ಉಳಿದ ತಿಂಗಳು ಸಾಲ, ಓದಲು ಬಾರದ್ದಕ್ಕೆ ಸಾಹುಕಾರ ಬರೆದದ್ದೇ ಲೆಕ್ಕ. ಓದು ಬಾರದೆ ಈ ಕಷ್ಟ ತೀರದು, ದುಡ್ಡಿಲ್ಲದೆ ಓದು ಬಾರದು. ಈ ಗಂಟನ್ನು ಬಿಡಿಸುವುದೇ ಅವರ ಜೀವನದ ಕೆಲಸವಾಯಿತು. ಸಾತಾರಾದ ಕೂಪರ್ ಕಾರ್ಖಾನೆಯಲ್ಲೂ ಕೆಲಕಾಲ ದುಡಿದರು. ಶಿಕ್ಷಣದ ಕೆಲಸಕ್ಕೆ ಅಲ್ಲಿ ನಿರೀಕ್ಷಿಸಿದ ಬೆಂಬಲ ಸಿಗದೆ ಹೋದಾಗ ವ್ಯಾಪಾರವನ್ನೇ ಬಿಟ್ಟರು.

ರಯತ್ ಶಿಕ್ಷಣ ಸಂಸ್ಥೆ

1919ರ ಅಕ್ಟೋಬರ್ 4ರಂದು ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ್ ಶಿಕ್ಷಣ ಸಂಸ್ಥೆ ಹುಟ್ಟಿತು. ಮಹಾತ್ಮ ಫುಲೆಯವರ ಸತ್ಯಶೋಧಕ ಸಮಾಜದ ವಿಚಾರ ಅದರ ಹಿಂದಿತ್ತು. ರಯತ್ ಎಂದರೆ ನಮ್ಮ ಮಾತಿನ ರೈತನೇ. 1924ರಲ್ಲಿ ಸಂಸ್ಥೆಯ ಕೇಂದ್ರವನ್ನು ಸಾತಾರಾಕ್ಕೆ ತಂದು ಅಲ್ಲಿ ಬೋರ್ಡಿಂಗ್ ಶುರುಮಾಡಿದರು.

ಶಾಹು ಮಹಾರಾಜರ ಬೋರ್ಡಿಂಗ್‌ಗಳಿಂದ ಭಾವೂರಾಯರು ಪಾಠ ಕಲಿತಿದ್ದರು. ಆದರೆ ಒಂದು ಹೆಜ್ಜೆ ಮುಂದೆ ಹೋದರು. ಜಾತಿಗೊಂದು ಬೋರ್ಡಿಂಗ್ ಬೇಡ, ಎಲ್ಲರಿಗೂ ಒಂದೇ ಅಡುಗೆಮನೆ, ಒಂದೇ ಪಂಕ್ತಿ. ಮರಾಠ, ಮಹಾರ್, ಮಾಂಗ್, ಜೈನ, ಲಿಂಗಾಯತ, ಮುಸ್ಲಿಂ ಮಕ್ಕಳು ಒಟ್ಟಿಗೆ ಅಡುಗೆ ಮಾಡಿ, ಒಟ್ಟಿಗೆ ಉಂಡು, ಒಟ್ಟಿಗೆ ಪಾತ್ರೆ ತೊಳೆಯುತ್ತಿದ್ದರು. 1927ರ ಫೆಬ್ರವರಿ 25ರಂದು ಮಹಾತ್ಮ ಗಾಂಧೀಜಿ ಸಾತಾರಾಕ್ಕೆ ಬಂದು ಈ ಬೋರ್ಡಿಂಗ್‌ಗೆ ಶ್ರೀ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂದು ನಾಮಕರಣ ಮಾಡಿದರು. ತಮ್ಮ ಆಶ್ರಮದಲ್ಲಿ ಕಷ್ಟಪಟ್ಟು ಸಾಧಿಸುತ್ತಿದ್ದುದು ಇಲ್ಲಿ ಸಹಜವಾಗಿ ನಡೆಯುತ್ತಿದೆಯಲ್ಲ ಎಂದು ಗಾಂಧೀಜಿಗೆ ಸಂತೋಷವಾಯಿತು. ಮುಂದೆ ಹರಿಜನ ನಿಧಿಯಿಂದ ವರ್ಷಕ್ಕೆ 500 ರೂಪಾಯಿ ನೆರವನ್ನೂ ಕೊಡಿಸಿದರು.

ನಮ್ಮ ಮೈಸೂರು ಕಡೆಯ ಹಿರಿಯರಿಗೆ ವಾರಾನ್ನದ ಪದ್ಧತಿ ನೆನಪಿರಬಹುದು. ಬಡ ವಿದ್ಯಾರ್ಥಿ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಹೀಗೆ ಏಳು ಮನೆಯಲ್ಲಿ ಉಂಡು ಓದುತ್ತಿದ್ದ. ಹಾಗೆ ಓದಿ ದೊಡ್ಡವರಾದವರು ಅನೇಕರು. ಆದರೆ ವಾರಾನ್ನ ಸಿಗಬೇಕಾದರೆ ಹುಡುಗನ ಜಾತಿ ಮನೆಯವರಿಗೆ ಒಪ್ಪಿಗೆಯಾಗಬೇಕಿತ್ತು, ಮನೆಯಾಕೆಯ ಮುಖ ನೋಡಿ ತಟ್ಟೆಯ ಮುಂದೆ ಕೂರಬೇಕಿತ್ತು. ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಮಗ್ಗೆಯಲ್ಲಿ ಹುಟ್ಟಿದ ತಾತಯ್ಯ ವೆಂಕಟಕೃಷ್ಣಯ್ಯನವರು ಮೈಸೂರಿನಲ್ಲಿ ಅನಾಥಾಲಯ ಕಟ್ಟಿ ದಿಕ್ಕಿಲ್ಲದ ಮಕ್ಕಳಿಗೆ ಸ್ಥಿರವಾದ ಊಟ ವಸತಿ ಮಾಡಿಕೊಟ್ಟ ಕಾರಣವೂ ಇಂಥದ್ದೇ. ಸಾತಾರಾದಲ್ಲಿ ಭಾವೂರಾಯರು ಅದನ್ನು ಎಲ್ಲ ಜಾತಿಯ ಹಳ್ಳಿ ಮಕ್ಕಳಿಗೂ ಹರಡಿದರು.

ಲಕ್ಷ್ಮೀಬಾಯಿಯವರ ಮಾಂಗಲ್ಯ

ಈ ಕಥೆಯಲ್ಲಿ ಲಕ್ಷ್ಮೀಬಾಯಿಯವರ ಪಾಲು ಗಂಡನಿಗಿಂತ ಕಡಿಮೆಯದಲ್ಲ. ಕಟ್ಟುನಿಟ್ಟಾದ ಜೈನ ಸಂಪ್ರದಾಯದಲ್ಲಿ ಬೆಳೆದ ಹೆಣ್ಣುಮಗಳು. ಮೊದಮೊದಲು ಎಲ್ಲ ಜಾತಿಯ ಮಕ್ಕಳು ಅಡುಗೆಮನೆಗೆ ಬರುವುದು ಆಕೆಗೆ ಸಹಿಸಲಾಗುತ್ತಿರಲಿಲ್ಲ. ಆದರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿ, ಹಸಿದ ಮಗುವಿಗೆ ರೊಟ್ಟಿ ಬಡಿಸಿ, ಆ ಭಾವನೆ ತಾನಾಗಿಯೇ ಕರಗಿತು. ಬೋರ್ಡಿಂಗ್ ಮಕ್ಕಳು ಆಕೆಯನ್ನು ತಾಯಿ ಎಂದೇ ಕಂಡರು.

ಭಾವೂರಾಯರು ಹಣ ಕೂಡಿಸಲು ಊರೂರು ತಿರುಗುತ್ತಿರುವಾಗ ಬೋರ್ಡಿಂಗ್ ಆಕೆಯ ಕೈಯಲ್ಲಿ ನಡೆಯುತ್ತಿತ್ತು. ಧಾನ್ಯ ಮುಗಿದಾಗಲೆಲ್ಲ ತವರಿನವರು ಕೊಟ್ಟ ಒಡವೆ ಒಂದೊಂದಾಗಿ ಮಾರಾಟವಾಯಿತು. ಒಮ್ಮೆ ಗಂಡ ಊರಲ್ಲಿಲ್ಲ, ಮನೆಯಲ್ಲಿ ಕಾಳಿಲ್ಲ, ಅಂಗಡಿಯಲ್ಲಿ ಸಾಲವಿಲ್ಲ. ಮಾರಲು ಉಳಿದದ್ದು ಮಂಗಳಸೂತ್ರ ಒಂದೇ. ಅದನ್ನೂ ತೆಗೆದುಕೊಟ್ಟು ಮಕ್ಕಳಿಗೆ ಅನ್ನ ಹಾಕಿದರು. ಗಂಡ ಬದುಕಿರುವಾಗ ಮಾಂಗಲ್ಯ ತೆಗೆಯುವುದೆಂದರೆ ಆ ಕಾಲದ ಹೆಂಗಸಿಗೆ ಏನೆಂಬುದನ್ನು ನಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿದರೆ ತಿಳಿಯುತ್ತದೆ. 1930ರಲ್ಲಿ ಲಕ್ಷ್ಮೀಬಾಯಿ ತೀರಿಕೊಂಡರು. ತಾವು ಸಾಕಿದ ಮಕ್ಕಳು ದೊಡ್ಡವರಾದದ್ದನ್ನು ನೋಡಲು ಅವರು ಉಳಿಯಲಿಲ್ಲ. ಅವರ ಹೆಸರಿನಲ್ಲಿ ಭಾವೂರಾಯರು ಒಂದು ಶಿಕ್ಷಣೋತ್ತೇಜಕ ಸಹಕಾರಿ ಸಂಘ ಕಟ್ಟಿದರು. ಮೇಲಿನ ಓದಿಗೆ ಹೋಗುವ ವಿದ್ಯಾರ್ಥಿಗೆ ಅದು ಸಾಲ ಕೊಡುತ್ತಿತ್ತು. ಓದು ಮುಗಿದು ಸಂಪಾದನೆ ಶುರುವಾದ ಮೇಲೆ ಅವನು ತೀರಿಸಬೇಕು, ಆ ಹಣ ಮತ್ತೊಬ್ಬನ ಓದಿಗೆ ಹೋಗಬೇಕು.

ದುಡಿಮೆಯೂ ಓದೂ ಒಟ್ಟಿಗೆ

ಭಾವೂರಾಯರ ಹೆಸರನ್ನು ಉಳಿಸಿದ್ದು ದುಡಿದು ಓದುವ ಯೋಜನೆ. ಪೂರ್ತಿ ಹೊತ್ತು ಕಾಲೇಜಿನಲ್ಲಿರುವ ವಿದ್ಯಾರ್ಥಿ ದುಡಿಯುವುದು ಹೇಗೆ, ದುಡಿಯಲು ಹೋದರೆ ಓದುವುದು ಯಾವಾಗ ಎಂಬ ಪ್ರಶ್ನೆ ಇಂದಿಗೂ ಇದೆ. ಅವರ ಉತ್ತರ ಸರಳ. ಓದುವ ಜಾಗದಲ್ಲೇ ದುಡಿಮೆ ಇರಬೇಕು, ಅದಕ್ಕೆ ಹೊತ್ತು ಗೊತ್ತು ಇರಬೇಕು. ಪಾಠದ ಹೊತ್ತು ಪಾಠ, ಉಳಿದ ಹೊತ್ತಿನಲ್ಲಿ ಕೆಲವು ಗಂಟೆ ಕೆಲಸ. ಸಂಸ್ಥೆಯ ಜಮೀನಿನಲ್ಲಿ ಜೋಳ, ತರಕಾರಿ ಬೆಳೆಯುವುದು, ಬಾವಿ ತೋಡುವುದು, ಕಲ್ಲು ಒಡೆಯುವುದು, ರಸ್ತೆ ಮಾಡುವುದು, ಕಟ್ಟಡಕ್ಕೆ ಮಣ್ಣು ಹೊರುವುದು, ಅಡುಗೆ ಮತ್ತು ಶುಚಿ ಕೆಲಸ. ಆ ದುಡಿಮೆಯ ಬೆಲೆ ಅವನ ಊಟ, ವಸತಿ, ಶುಲ್ಕಕ್ಕೆ ಜಮೆ. ಹಾಗಾಗಿ ವಿದ್ಯಾರ್ಥಿ ಯಾರ ಮುಂದೂ ಕೈ ಚಾಚುವಂತಿರಲಿಲ್ಲ. ಸ್ವಾವಲಂಬನೆಯ ಶಿಕ್ಷಣವೇ ತಮ್ಮ ಬಿರುದು ಎಂಬ ಅರ್ಥದ ಧ್ಯೇಯವನ್ನು ಸಂಸ್ಥೆ ಇಟ್ಟುಕೊಂಡಿತು. ಸಂಸ್ಥೆಯ ಗುರುತು ಆಲದ ಮರ.

1935ರಲ್ಲಿ ಹಳ್ಳಿ ಶಾಲೆಗಳಿಗೆ ಉಪಾಧ್ಯಾಯರನ್ನು ತಯಾರು ಮಾಡುವ ತರಬೇತಿ ಕಾಲೇಜು ಆಯಿತು. ಅಲ್ಲಿ ತಯಾರಾದವರು ಗುಡ್ಡಗಾಡಿನ ಹಳ್ಳಿಗಳಿಗೆ ಹೋಗಿ ನೂರಾರು ಪ್ರಾಥಮಿಕ ಶಾಲೆ ತೆರೆದರು. 1940ರಲ್ಲಿ ಸಾತಾರಾದಲ್ಲಿ ಮಹಾರಾಜಾ ಸಯಾಜಿರಾವ್ ಹೈಸ್ಕೂಲ್ ಶುರುವಾಯಿತು. ಶುಲ್ಕವಿಲ್ಲದೆ, ಅಲ್ಲೇ ಉಳಿದು, ದುಡಿದು ಓದುವ ಹೈಸ್ಕೂಲು. 1947ರಲ್ಲಿ ಅದೇ ರೀತಿಯಲ್ಲಿ ಛತ್ರಪತಿ ಶಿವಾಜಿ ಕಾಲೇಜು. 1954ರಲ್ಲಿ ಕರಾಡದಲ್ಲಿ ಸದ್ಗುರು ಗಾಡಗೇ ಮಹಾರಾಜ್ ಕಾಲೇಜು. ಮುಂದಿನ ವರ್ಷ ಸಾತಾರಾದಲ್ಲಿ ಆಜಾದ್ ಶಿಕ್ಷಣ ಕಾಲೇಜು. ಬೋರ್ಡಿಂಗ್‌ನಲ್ಲಿ ಬೆಳೆದ ಹುಡುಗರಲ್ಲಿ ಪಿ. ಜಿ. ಪಾಟೀಲರು ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಓದಿ ಬಂದು ಅದೇ ಸಂಸ್ಥೆಯಲ್ಲಿ ದುಡಿದರು, ಮುಂದೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳಾದರು.

ಹಿಡಿ ಕಾಳಿನ ಲೆಕ್ಕ

ಇಷ್ಟೆಲ್ಲಕ್ಕೆ ಹಣ ಎಲ್ಲಿಂದ? ಭಾವೂರಾಯರು ದೊಡ್ಡ ದಾನಿಗಳನ್ನು ಮಾತ್ರ ನಂಬಿ ಕೂರಲಿಲ್ಲ. ಹಳ್ಳಿಯ ಹೆಂಗಸರು ದಿನವೂ ಬೀಸಲು, ಬೇಯಿಸಲು ಕಾಳು ತೆಗೆಯುವಾಗ ಒಂದು ಹಿಡಿ ಬೇರೆ ತೆಗೆದಿಡಬೇಕು. ಬೋರ್ಡಿಂಗ್‌ನವರು ಬಂದು ಅದನ್ನು ಕೂಡಿಸಿಕೊಂಡು ಹೋಗುವರು. ಇದಕ್ಕೆ ಮುಷ್ಟಿ ಫಂಡು ಎಂದು ಹೆಸರು. ಒಂದು ಹಿಡಿ ಕಾಳು ಕೊಟ್ಟ ಬಡ ಮನೆಗೂ ಅದು ತನ್ನ ಸಂಸ್ಥೆ ಎಂಬ ಹಕ್ಕು ಬಂತು. ರೈತರು ಸುಗ್ಗಿಯಲ್ಲಿ ಧಾನ್ಯ ಕೊಟ್ಟರು, ಕೆಲವರು ಜಮೀನು ಕೊಟ್ಟರು, ಏನೂ ಇಲ್ಲದವರು ಮೈಯ ದುಡಿಮೆ ಕೊಟ್ಟರು.

ಶಿವಾಜಿ ಕಾಲೇಜಿನ ಹೆಸರು ಬದಲಾಯಿಸಿ ತಮ್ಮವರ ಹೆಸರಿಟ್ಟರೆ ದೊಡ್ಡ ಮೊತ್ತ ಕೊಡುವುದಾಗಿ ಶ್ರೀಮಂತರೊಬ್ಬರು ಮುಂದೆ ಬಂದಾಗ ಭಾವೂರಾಯರು ಬೇಡ ಎಂದುಬಿಟ್ಟರು. ಸಂಸ್ಥೆಗೆ ಹಣದ ಅಡಚಣೆ ಇಲ್ಲದ ಕಾಲವೇನೂ ಆಗಿರಲಿಲ್ಲ. 1948ರಲ್ಲಿ ಅವರ ನೇರ ಮಾತಿನಿಂದ ಅಸಮಾಧಾನಗೊಂಡ ಮುಂಬಯಿ ಸರ್ಕಾರ ಅನುದಾನವನ್ನೇ ನಿಲ್ಲಿಸಿತು. ಸಾವಿರಾರು ಮಕ್ಕಳ ಊಟ, ಉಪಾಧ್ಯಾಯರ ಸಂಬಳ ಎಲ್ಲವೂ ಅನುಮಾನಕ್ಕೆ ಬಿತ್ತು. ಭಾವೂರಾಯರು ಮತ್ತೆ ಜನರ ಬಳಿಗೆ ಹೋದರು. ಸಂತ ಗಾಡಗೇ ಮಹಾರಾಜರು ಅವರ ಬೆನ್ನಿಗೆ ನಿಂತರು. ಜನ ಕೈಬಿಡಲಿಲ್ಲ, ಶಾಲೆಗಳು ಮುಚ್ಚಲಿಲ್ಲ, ಕೊನೆಗೆ ಅನುದಾನವೂ ಮರಳಿ ಬಂತು. ಗಾಂಧೀಜಿಯವರ ನೆನಪಿಗೆ ಅವರ ಹೆಸರಿನಲ್ಲಿ 101 ಹೈಸ್ಕೂಲು ತೆರೆಯುವ ಸಂಕಲ್ಪವನ್ನೂ ಅವರು ಮಾಡಿದ್ದು ಈ ಕಷ್ಟದ ದಿನಗಳಲ್ಲೇ.

ಬರಿಗಾಲು, ಬೆಳ್ಳನೆಯ ಉದ್ದ ಗಡ್ಡ, ಒರಟು ಖಾದಿ. ಎಲ್ಲರಿಗೂ ಅವರು ಅಣ್ಣಾ. ಜನರೇ ಅವರಿಗೆ ಕರ್ಮವೀರ ಎಂಬ ಬಿರುದು ಕೊಟ್ಟರು. 1959ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ನೀಡಿತು. ಇಂಗ್ಲಿಷ್ ಆರನೇ ತರಗತಿಗೆ ಓದು ನಿಲ್ಲಿಸಿದ್ದ ಮನುಷ್ಯನಿಗೆ ಅದೇ ವರ್ಷ ಪುಣೆ ವಿಶ್ವವಿದ್ಯಾಲಯ ಡಿ.ಲಿಟ್. ಗೌರವ ಕೊಟ್ಟಿತು. ಅದಾಗಿ ಕೆಲವೇ ವಾರಗಳಲ್ಲಿ, 1959ರ ಮೇ 9ರಂದು, ಪುಣೆಯಲ್ಲಿ ಅವರು ದೇಹ ಬಿಟ್ಟರು. ಅವರು ನೆಟ್ಟ ಆಲ ಇಂದು ಏಳುನೂರಕ್ಕೂ ಹೆಚ್ಚು ಶಾಖೆಗಳಾಗಿ ಹರಡಿದೆ. ಅದರ ಒಂದು ಕೊಂಬೆ ನಮ್ಮ ಬೆಳಗಾವಿ ಜಿಲ್ಲೆಗೂ ಚಾಚಿದೆ. ಪುಣೆ ವಿಶ್ವವಿದ್ಯಾಲಯದಲ್ಲಿ ಬಡ ವಿದ್ಯಾರ್ಥಿಗಳು ದುಡಿದು ಓದುವ ಯೋಜನೆ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ.

ನಮಗೇನು?

ಇದನ್ನೆಲ್ಲ ಓದಿದ ಮೇಲೆ ನಮ್ಮ ಊರಿನ ಆ ಹುಡುಗ ಮತ್ತೆ ನೆನಪಾದ. ನಾವು ಅವನಿಗೆ ಕೊಡಲು ಹೊರಟಿದ್ದು ಹಣ, ಆದರೆ ಅದಕ್ಕೆ ಅವನು ತೆರಬೇಕಾಗಿದ್ದ ಬೆಲೆ ಊರ ಮುಂದಿನ ಮಾನ. ಭಾವೂರಾಯರು ಕೊಟ್ಟದ್ದು ಊಟ, ಸೂರು, ಪುಸ್ತಕ. ಅದರ ಬೆಲೆಯನ್ನು ಹುಡುಗ ತನ್ನ ತೋಳಿನಿಂದ ತೀರಿಸಿ ತಲೆಯೆತ್ತಿ ನಡೆದ.

ಈಗ ನಾವು ಸಮಾರಂಭ ಬಿಟ್ಟಿದ್ದೇವೆ. ಹಣವನ್ನು ಜೂನ್ ಮೊದಲ ವಾರದಲ್ಲೇ ನೇರವಾಗಿ ಕಾಲೇಜಿಗೆ ಅಥವಾ ವಿದ್ಯಾರ್ಥಿಯ ಖಾತೆಗೆ ಹಾಕುತ್ತೇವೆ. ಯಾರಿಗೆ ಕೊಟ್ಟೆವು ಎಂಬುದು ಲೆಕ್ಕದ ಪುಸ್ತಕಕ್ಕೆ ಮಾತ್ರ ಗೊತ್ತು. ಕೆಲಸಕ್ಕೆ ಸೇರಿದ ಮೇಲೆ ಕೈಲಾದಷ್ಟು ಮರಳಿಸಿ, ಅದು ನಿಮ್ಮ ತಮ್ಮ ತಂಗಿಯಂಥ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಹೇಳಿರುತ್ತೇವೆ. ಬಾಂಡು, ಬಡ್ಡಿ ಏನೂ ಇಲ್ಲ. ಆದರೂ ಕೆಲವರು ತಾವಾಗಿಯೇ ಮರಳಿಸಿದ್ದಾರೆ. ಬೇಸಿಗೆ ರಜೆಯಲ್ಲಿ ಅಂಗಡಿಯ ಲೆಕ್ಕ ಬರೆಯಲು, ಕಂಪ್ಯೂಟರ್ ಕೆಲಸಕ್ಕೆ ಈ ಮಕ್ಕಳನ್ನೇ ಕರೆದು ಸರಿಯಾದ ಕೂಲಿ ಕೊಡುತ್ತೇವೆ.

ಸರ್ಕಾರದ ನೆರವಿನ ವಿಷಯದಲ್ಲೂ ಒಂದು ಮಾತು. 2014ರ ಜನವರಿಯಿಂದ ಜೈನ ಸಮಾಜಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಇದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಶಿಕ್ಷಣ ಸಾಲ, ಇವುಗಳಿಗೆ ಆದಾಯದ ಮಿತಿಯೊಳಗಿನ ನಮ್ಮ ಮಕ್ಕಳು ಅರ್ಜಿ ಹಾಕಬಹುದು. ಹಳ್ಳಿಯಲ್ಲಿರುವ ಎಷ್ಟೋ ಜೈನ ಮನೆಗಳಿಗೆ ಇದು ಗೊತ್ತಿಲ್ಲ. ಗೊತ್ತಿದ್ದವರೂ ಆದಾಯ ಪ್ರಮಾಣಪತ್ರ ಮಾಡಿಸದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸದೆ ಕೊನೆಯ ದಿನ ಕಳೆದುಕೊಳ್ಳುತ್ತಾರೆ. ನಿಮ್ಮ ಊರಿನ ಬಸದಿಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಒಂದು ಭಾನುವಾರ ಕೂತು, ಓದುವ ಮಕ್ಕಳ ಕಾಗದ ಪತ್ರ ಸರಿಮಾಡಿಸಿಕೊಟ್ಟರೆ ಅದೂ ಶಾಸ್ತ್ರದಾನವೇ. ಬೇರೆ ಸಮಾಜದ ಮಗು ಬಂದರೆ ಅದಕ್ಕೂ ಮಾಡಿಕೊಡಿ. ಜಾತಿ ಕೇಳದೆ ಊಟ ಹಾಕಿದ ಲಕ್ಷ್ಮೀಬಾಯಿ ನಮ್ಮ ಸಮಾಜದ ಹೆಣ್ಣುಮಗಳೇ.

ಆ ಹುಡುಗ ಈಗ ಮೂವತ್ತು ದಾಟಿದ್ದಾನೆ. ಆಗಾಗ ಅಂಗಡಿಗೆ ಬರುತ್ತಾನೆ, ನಗುತ್ತಾ ಮಾತಾಡುತ್ತಾನೆ. ಮಗಳನ್ನು ಶಾಲೆಗೆ ಸೇರಿಸಿದ್ದಾನೆ. ಆ ಮಗು ಕಾಲೇಜಿಗೆ ಹೋಗುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ, ಅವಳ ಶುಲ್ಕ ಜೂನ್ ತಿಂಗಳಲ್ಲೇ ಕಟ್ಟಿರಬೇಕೆಂದು ನಮ್ಮ ಕಿರಿಯರಿಗೆ ಈಗಲೇ ಹೇಳಿಟ್ಟಿದ್ದೇನೆ.

ಜೈ ಜಿನೇಂದ್ರ.